ದಾಸೋಹವೆಂಬ ನುಡಿ

ನುಡಿಯೊಂದು ಭಾಷೆಯಿಂದ ಭಾಷೆಗೆ ಸಾಗುವಾಗ ರೂಪವೂ ಅರ್ಥವೂ ಮಾರ್ಪಡುವುವು. ಸಂಸ್ಕೃತದಲ್ಲಿ ‘ದಾಸೋಽಹಮ್’ ಎಂಬುದು ‘ನಾನು ದಾಸನು’ ಎಂಬ ಪೂರ್ಣ ವಾಕ್ಯ. ೧೨ನೆಯ ಶತಮಾನದ ಶರಣರ ಬಾಯಲ್ಲಿ ಅದು ‘ದಾಸೋಹ’ವೆಂಬ ಕನ್ನಡ ನಾಮಪದವಾಯಿತು, ಹೇಳುವ ಮಾತು ಮಾಡುವ ಕ್ರಿಯೆಯಾಯಿತು. ಕಾಯಕದಿಂದ ಬಂದುದನ್ನು ಗುರು ಲಿಂಗ ಜಂಗಮಕ್ಕೆ ಸಮರ್ಪಿಸುವುದೇ ಆ ಕ್ರಿಯೆ.

ಇಂದಿನ ಬಳಕೆಯಲ್ಲಿ ದಾಸೋಹವೆಂದರೆ ಬಹುಮಟ್ಟಿಗೆ ಅನ್ನಸಂತರ್ಪಣೆ. ಅರ್ಥವು ಕಿರಿದಾದರೂ ಹಾನಿಯಿಲ್ಲ. ಹಸಿದವರಿಗೆ ಅನ್ನವಿಕ್ಕುವುದೂ ಸೇವೆಯೇ. ಆದರೆ ‘ದಾಸೋಹ ಮಾಡಿಸಿದವನು ನಾನು’ ಎಂದು ಗೃಹಸ್ಥನು ಹೆಮ್ಮೆಪಟ್ಟೊಡನೆ ಪದದೊಳಗಣ ‘ದಾಸ’ನು ಅಳಿದು ‘ಅಹಂ’ ಮಾತ್ರ ಉಳಿಯುತ್ತದೆ. ದಾನದಲ್ಲಿ ಕೊಡುವವನು ಮೇಲೆಂಬ ಭಾವ ನುಸುಳಬಹುದು. ದಾಸೋಹದಲ್ಲಿ ಬಡಿಸುವವನೇ ಸೇವಕನು. ಬಳಕೆಯಲ್ಲಿ ಸವೆದ ಅರ್ಥವನ್ನು ನಿಘಂಟು ತುಂಬಲಾರದು. ಸದ್ಭಕ್ತರ ನಡೆಯೊಂದೇ ಅದನ್ನು ಮರಳಿ ತುಂಬಬಲ್ಲುದು.