‘ಇಲ್ಲ’ ಎನ್ನುವ ಅನುಮತಿ

ಕೆಲಸದ ಅರ್ಜಿಯಲ್ಲಿ ಒಂದು ಪ್ರಶ್ನೆ: ‘ನಿಮಗೆ ಎಂದಾದರೂ ಅಪರಾಧಕ್ಕಾಗಿ ಶಿಕ್ಷೆಯಾಗಿದೆಯೇ?’ ಹದಿನೈದು ವರ್ಷದ ಹಿಂದೆ ಅಂಗಡಿಯಲ್ಲಿ ಏನೋ ಕದ್ದು ದಂಡ ಕಟ್ಟಿದವನೊಬ್ಬ ‘ಇಲ್ಲ’ ಎಂದು ಬರೆದರೆ ಅದು ಸುಳ್ಳೇ? ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 2018ರಲ್ಲಿ ‘ಕ್ಲೀನ್ ಸ್ಲೇಟ್’ ಕಾನೂನು ತಂದಿತು. ನಿಗದಿತ ವರ್ಷಗಳ ಕಾಲ ಮತ್ತೆ ತಪ್ಪು ಮಾಡದಿದ್ದರೆ ಸಣ್ಣ ಅಪರಾಧಗಳ ದಾಖಲೆಯನ್ನು ಕಂಪ್ಯೂಟರೇ ಹುಡುಕಿ ಸಾರ್ವಜನಿಕರ ಕಣ್ಣಿನಿಂದ ಮರೆಮಾಡುತ್ತದೆ. (ಅಳಿಸುವುದಲ್ಲ, ಬೀಗ ಹಾಕುವುದು, ಪೊಲೀಸರಿಗೆ ಅದು ಕಾಣುತ್ತಲೇ ಇರುತ್ತದೆ.) ಆಮೇಲೆ ಉದ್ಯೋಗದಾತ ಕೇಳಿದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಆ ಅಪರಾಧ ನಡೆದೇ ಇಲ್ಲವೆಂಬಂತೆ ಉತ್ತರಿಸಬಹುದು.

ನಡೆದೇ ಇಲ್ಲವೆಂಬಂತೆ! ನಡೆದದ್ದನ್ನು ನಡೆದಿಲ್ಲ ಎನ್ನಿಸುವ ಅಧಿಕಾರ ಶಾಸನಸಭೆಗೆ ಎಲ್ಲಿಂದ ಬಂತು?

ಆದರೆ ನೋಡಿ, ಕಳ್ಳತನ ಬೇರೆ, ಶಿಕ್ಷೆಯ ದಾಖಲೆ ಬೇರೆ. ಕಳ್ಳತನವನ್ನು ಯಾವ ಕಾನೂನೂ ಹಿಂದೆ ತೆಗೆದುಕೊಳ್ಳಲಾರದು. ಅಂಗಡಿಯವನು ನೆನಪಿಟ್ಟುಕೊಳ್ಳಬಹುದು, ನೆರೆಯವರು ಆಡಿಕೊಳ್ಳಬಹುದು, ಕದ್ದವನು ನಿದ್ದೆಗೆಡಬಹುದು. ದಾಖಲೆ ಮಾತ್ರ ಸರ್ಕಾರ ಮೊಹರು ಒತ್ತಿ ಆಡಿದ ಮಾತು. ಆಡಿದವರಿಗೆ ಅದನ್ನು ವಾಪಸು ಪಡೆಯುವ ಹಕ್ಕಿದೆ. ಅರ್ಜಿ ಕೇಳುತ್ತಿರುವುದೂ ಆ ಮೊಹರನ್ನೇ. ‘ಎಂದಾದರೂ ಕದ್ದಿದ್ದೀರಾ’ ಎಂದು ಯಾವ ಕಂಪನಿಯೂ ಕೇಳುವುದಿಲ್ಲ. ಕೇಳಿದರೆ ಸಿಕ್ಕಿಬೀಳದವರೆಲ್ಲ ತಲೆ ತಗ್ಗಿಸಬೇಕಾದೀತು. ಹಾಗಾಗಿ ಆ ‘ಇಲ್ಲ’ ನನ್ನ ಪ್ರಕಾರ ಸುಳ್ಳಲ್ಲ.

ನಮ್ಮಲ್ಲೂ ಸರ್ಕಾರಿ ನೌಕರಿಯ ನಮೂನೆಗಳು ಇದನ್ನು ಕೇಳುತ್ತವೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಮನ್ನಿಸಬಹುದು ಎಂದಿತು. ಸತ್ಯ ಹೇಳಿದವನನ್ನು ನೇಮಿಸಲೇಬೇಕೆಂದಿಲ್ಲ ಎಂದೂ ಹೇಳಿತು. ಎರಡೂ ಕೆಲಸ ಕೊಡುವವನ ಮರ್ಜಿ. ಪೆನ್ಸಿಲ್ವೇನಿಯಾದ ಕಾನೂನು ಆ ಮರ್ಜಿಯನ್ನು ಕಿತ್ತುಕೊಳ್ಳುತ್ತದೆ. ಅದು ನನಗೆ ಹಿಡಿಸಿದೆ.

ನನ್ನ ತಕರಾರು ‘ತಾನಾಗಿಯೇ’ ಎಂಬ ಪದದ ಬಗ್ಗೆ. ಮೊದಲೆಲ್ಲ ಅರ್ಜಿ ಹಾಕಿ ಬಿಡುಗಡೆ ಕೇಳಬೇಕಿತ್ತು. ಮಿಶಿಗನ್ ರಾಜ್ಯದಲ್ಲಿ ಪ್ರೆಸ್ಕಾಟ್ ಮತ್ತು ಸೋಂಜಾ ಸ್ಟಾರ್ ನಡೆಸಿದ ಅಧ್ಯಯನದ ಪ್ರಕಾರ, ಅರ್ಹತೆ ಬಂದ ಐದು ವರ್ಷದೊಳಗೆ ದಾಖಲೆ ತೆಗೆಸಿಕೊಂಡವರು ಶೇ. 6.5 ಮಾತ್ರ. ಶುಲ್ಕ, ಬೆರಳಚ್ಚು, ವಕೀಲ, ಮತ್ತೆ ಅದೇ ಕೋರ್ಟಿನ ಮೆಟ್ಟಿಲು, ಯಾರಿಗೆ ಬೇಕು? ಅದೇ ರಾಜ್ಯ 2023ರ ಏಪ್ರಿಲ್‌ನಿಂದ ಈ ಕೆಲಸವನ್ನು ಯಂತ್ರಕ್ಕೂ ಒಪ್ಪಿಸಿತು. ಒಳ್ಳೆಯದೇ. ಆದರೆ ಅರ್ಜಿ ಹಾಕಿ ಗೆದ್ದವನ ಕೈಯಲ್ಲಿ ಆದೇಶದ ಪ್ರತಿಯೊಂದು ಇರುತ್ತಿತ್ತು. ಯಂತ್ರ ಕಾಗದ ಬರೆಯುವುದಿಲ್ಲ. ತನ್ನ ದಾಖಲೆ ಮರೆಯಾದದ್ದು ಗೊತ್ತಿಲ್ಲದ ಪ್ರಾಮಾಣಿಕ ‘ಹೌದು’ ಎಂದು ಬರೆಯುತ್ತಾನೆ. ಪೊಲೀಸ್ ದಾಖಲೆಯಲ್ಲಿ ಹುಡುಕಿದರೂ ಉದ್ಯೋಗದಾತನಿಗೆ ಸಿಗದಿದ್ದ ಸಂಗತಿ ಅವನ ಬಾಯಿಂದಲೇ ಸಿಗುತ್ತದೆ.

ಇನ್ನೊಬ್ಬ, ಗೊತ್ತಿರುವವನು, ಧೈರ್ಯವಾಗಿ ‘ಇಲ್ಲ’ ಎಂದ ಅನ್ನಿ. ಹಿನ್ನೆಲೆ ತಪಾಸಣೆ ಮಾಡುವ ಖಾಸಗಿ ಕಂಪನಿಗಳು ಕೋರ್ಟಿನ ದಾಖಲೆಗಳನ್ನು ಸಗಟಾಗಿ ಕೊಂಡು ಇಟ್ಟುಕೊಂಡಿರುತ್ತವೆ. ಸರ್ಕಾರದ ಪ್ರತಿಗೆ ಬೀಗ ಬಿದ್ದರೂ ಅವರ ಹಳೆಯ ಪ್ರತಿ ಹಾಗೇ ಉಳಿದಿರಬಹುದು. ವರದಿ ನಿಖರವಾಗಿರಬೇಕೆಂದು 1970ರ ಕೇಂದ್ರ ಕಾನೂನು ಹೇಳುತ್ತದೆ, ನಿಜ; ತಿದ್ದುಪಡಿ ಆಗುವಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿರುತ್ತದೆ. ಕಳ್ಳನೆಂಬ ಹೆಸರಿನ ಜೊತೆಗೆ ಸುಳ್ಳನೆಂಬ ಹೆಸರೂ.

ಉದ್ಯೋಗದಾತನ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ತಿಳಿಯದಿದ್ದಾಗ ಅವನು ಊಹಿಸುತ್ತಾನೆ. ಅರ್ಜಿಯಿಂದ ಈ ಪ್ರಶ್ನೆಯನ್ನೇ ತೆಗೆಸಿದ ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ನಗರದಲ್ಲಿ ಅಮಾಂಡಾ ಏಗನ್ ಮತ್ತು ಅದೇ ಸ್ಟಾರ್ ಸುಮಾರು 15,000 ಕಾಲ್ಪನಿಕ ಅರ್ಜಿ ಕಳಿಸಿ ನೋಡಿದರು. ಪ್ರಶ್ನೆ ಕೇಳುತ್ತಿದ್ದ ಕಂಪನಿಗಳಿಂದ ಬಿಳಿಯರಿಗೆ ಕರಿಯರಿಗಿಂತ ಶೇ. 7ರಷ್ಟು ಹೆಚ್ಚು ಕರೆ ಬರುತ್ತಿತ್ತು. ಪ್ರಶ್ನೆ ಹೋದ ಮೇಲೆ ಈ ಅಂತರ ಶೇ. 43ಕ್ಕೆ ಏರಿತು. ಬೀಗ ಹಾಕುವ ಕಾನೂನಿನಲ್ಲಿ ತಪಾಸಣೆ ಉಳಿದಿದೆ, ಇತ್ತೀಚಿನ ಅಪರಾಧ ಕಾಣುತ್ತದೆ. ಖಾಲಿ ವರದಿಗೆ ಅಲ್ಲಿ ಒಂದು ಅರ್ಥವಿದೆ, ಅದನ್ನು ನಂಬುವ ಮನಸ್ಸಿದ್ದರೆ.

ಮಿಶಿಗನ್‌ನಲ್ಲಿ ಅನುಮಾನ ಉಳಿದವನಿಗೆ ಒಂದು ದಾರಿಯಿದೆ. ರಾಜ್ಯ ಪೊಲೀಸರ ಜಾಲತಾಣದಲ್ಲಿ ಹತ್ತು ಡಾಲರ್ ಕಟ್ಟಿ, ಯಾರೋ ಅಪರಿಚಿತನನ್ನು ಹುಡುಕುವಂತೆ, ತನ್ನ ಹೆಸರನ್ನೇ ತಾನು ಹುಡುಕಿ ನೋಡಬೇಕು. ದಾಖಲೆ ಏನೂ ಇಲ್ಲವೆಂದು ಬಂದರೆ ಅರ್ಜಿ ತುಂಬಲು ಕೂರಬಹುದು.