ತಪ್ಪು ಯಾರದು?



ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗುವಿಗೆ ವರ್ಷ ತುಂಬಿದರೂ ಕತ್ತು ನಿಂತಿಲ್ಲ. ರಕ್ತದ ಮಾದರಿ ದೂರದ ಪ್ರಯೋಗಾಲಯಕ್ಕೆ ಹೋಗಿ ವರದಿಯೂ ಬರುತ್ತದೆ. ಆದರೆ ಅದರ ಅರ್ಥವನ್ನು ತಂದೆತಾಯಿಗೆ ತಿಳಿಯಹೇಳಬಲ್ಲ ತಳಿವಿಜ್ಞಾನ ತಜ್ಞರು ನಮ್ಮ ದೇಶದಲ್ಲಿ ವಿರಳ; ಇರುವವರಲ್ಲಿ ಹೆಚ್ಚಿನವರು ಮಹಾನಗರಗಳಲ್ಲಿದ್ದಾರೆ. ಬೆಂಗಳೂರು ಇಲ್ಲಿಂದ ಸುಮಾರು 400 ಕಿಲೋಮೀಟರು.

ತಿಳಿದವರು ದೂರವಿದ್ದಾಗ ಅವರ ಸ್ಥಾನದಲ್ಲಿ ಮಾತನಾಡುವವರು ಯಾರು? ನಾವೇ. "ಸೊಸೆಯ ತವರಿನಿಂದ ಬಂದದ್ದು," "ಯಾರ ಶಾಪವೋ" ಎಂದುಬಿಡುತ್ತೇವೆ.

ಊಹೆ ಎಷ್ಟು ದಾರಿ ತಪ್ಪಿಸಬಲ್ಲದೆಂಬುದಕ್ಕೆ ಸಾಗರ ತಾಲೂಕಿನ ಹಂದಿಗೋಡು ಸಾಕ್ಷಿ. 1970ರ ದಶಕದಲ್ಲಿ ಅಲ್ಲಿ ಕೀಲುಮೂಳೆಗಳ ಬೇನೆ ಬೆಳಕಿಗೆ ಬಂದಾಗ ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಸಂಶಯ ಬಿದ್ದಿತು. ಅದು ವಂಶಪಾರಂಪರ್ಯವಾದುದೆಂದು ತಜ್ಞರ ಅಧ್ಯಯನದಿಂದ ಮುಂದೆ ತಿಳಿಯಿತು.

ಇಂತಹ ಅನೇಕ ಕಾಯಿಲೆಗಳಲ್ಲಿ ಆರೋಗ್ಯವಂತರಾದ ತಂದೆತಾಯಿ ಇಬ್ಬರಲ್ಲೂ ಅದೇ ವಂಶವಾಹಿಯ ದೋಷ ಅಡಗಿರುತ್ತದೆ; ಪ್ರತಿ ಬಸುರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ರಕ್ತಸಂಬಂಧದ ಮದುವೆಗಳಲ್ಲಿ ಈ ಅಪಾಯ ಹೆಚ್ಚು. ಇದರಲ್ಲಿ ತಾಯಿಯೊಬ್ಬಳ ಪಾಲೆಂಬುದಿಲ್ಲ.

ಸರ್ಕಾರಿ ಆಸ್ಪತ್ರೆಗಳ ವೈದ್ಯರಿಗೆ ಈ ವಿಷಯದಲ್ಲಿ ತರಬೇತಿ ನೀಡಲು ಕೇಂದ್ರ ಸರ್ಕಾರ 2019ರಲ್ಲಿ 'ಉಮ್ಮೀದ್' ಯೋಜನೆಯನ್ನು ಆರಂಭಿಸಿತು. ಅಂತಹ ಸೇವೆ ಪ್ರತಿ ಜಿಲ್ಲೆಗೂ ಬೇಕೆಂದು ಕೇಳುವುದು ನಮ್ಮೆಲ್ಲರ ಕರ್ತವ್ಯ.

ರೋಗ ಬಂದದ್ದು ಯಾರ ತಪ್ಪೂ ಅಲ್ಲ. ಆದರೆ ಆ ತಾಯಿ ಉತ್ತರವಿಲ್ಲದೆ ಒಂಟಿಯಾಗಿ ಉಳಿದರೆ, ಆ ತಪ್ಪಿನಲ್ಲಿ ನಮಗೂ ಪಾಲಿದೆ. ತಜ್ಞರು ಬರುವವರೆಗೆ ನಾವು ನಾಲಿಗೆಯನ್ನಾದರೂ ಬಿಗಿಹಿಡಿಯೋಣ. ಅವಳು ಬೆಂಗಳೂರಿಗೆ ಹೊರಟ ದಿನ ಜೊತೆಗೆ ಹೋಗೋಣ.