ಇಲ್ಲದ ಹಾವು

2023ರ ಡಿಸೆಂಬರ್ 1, ಶುಕ್ರವಾರ. ಬಸವಕಲ್ಯಾಣದಿಂದ ಬೆಳಗಿನ ಬಸ್ಸು ಹಿಡಿದು ಹುಮನಾಬಾದಿನ ಅಕ್ಕನ ಮನೆಗೆ ಬಂದಿದ್ದೆ. ಅಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದಳು, ನಾನು ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದೆ. ಆಗ ಬೆಂಗಳೂರಿನಿಂದ ಮಗಳ ಫೋನು ಬಂತು. "ಅವ್ವಾ, ಸಾಲ್ಯಾಗ ಬಾಂಬ್ ಇಟ್ಟೀವಂತ ಯಾರೋ ಬರದಾರಂತ. ಹುಡುಗನ್ನ ಕರಕೊಂಡು ಬರ್ಲಾಕ ಹೊಂಟೀನಿ" ಎಂದವಳೇ ಫೋನು ಇಟ್ಟಳು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾದರೂ ನಮ್ಮಿಬ್ಬರಿಗೂ ವಾಸನೆ ಹತ್ತಲಿಲ್ಲ. ಅಕ್ಕ ವೀರಭದ್ರದೇವರಿಗೆ ಕಾಯಿ ಒಡೆಸುವುದಾಗಿ ಬೇಡಿಕೊಂಡಳು.

ಗಂಟೆಯ ಮೇಲೆ ಮೊಮ್ಮಗ ಮನೆ ಸೇರಿದ ಸುದ್ದಿ ಬಂತು. ಅಂದು ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಅಂಥ ಇ-ಮೇಲ್ ಬಂದಿತ್ತು. ಬಾಂಬ್ ಪತ್ತೆ ದಳದವರು ನಾಯಿಗಳೊಂದಿಗೆ ಶಾಲೆಗಳನ್ನು ಶೋಧಿಸಿದರು. ಎಲ್ಲಿಯೂ ಏನೂ ಸಿಗಲಿಲ್ಲ.

"ಸುಳ್ಳಾಯ್ತಲ್ಲ, ಯಾರಿಗೂ ಏನೂ ಆಗ್ಲಿಲ್ಲ ಬಿಡ್ರಿ" ಎಂದರು ಪಕ್ಕದ ಮನೆಯವರು. ಆ ಮಾತು ನನ್ನಲ್ಲಿ ಮುಳ್ಳಿನಂತೆ ಉಳಿಯಿತು. ಏನೂ ಆಗಲಿಲ್ಲವೆ?

ಕಾನೂನು ಹಾಗೆ ಹೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನಂತೆ, ಕೊಲ್ಲುತ್ತೇನೆಂದು ಬೆದರಿಸಿದವರಿಗೆ 7 ವರ್ಷಗಳವರೆಗೆ ಸೆರೆಯಾಗಬಹುದು. ಹೆಸರು ಮರೆಸಿ ಬೆದರಿಸಿದರೆ ಮೂಲ ಶಿಕ್ಷೆಯ ಮೇಲೆ ಇನ್ನೂ 2 ವರ್ಷಗಳವರೆಗೆ ಸೇರಬಹುದು. ಜನರಲ್ಲಿ ದಿಗಿಲು ಹುಟ್ಟಿಸುವ ಸುಳ್ಳು ಸುದ್ದಿಗೆ 353ನೆಯ ಕಲಮಿನಲ್ಲಿ 3 ವರ್ಷಗಳವರೆಗೆ ಶಿಕ್ಷೆಯಿದೆ. ಹೆಸರಿಲ್ಲದ ಬೆದರಿಕೆಗೆ ಹೆಚ್ಚಿನ ಶಿಕ್ಷೆ ಎಂಬುದು 1860ರ ದಂಡಸಂಹಿತೆಯಲ್ಲೂ ಇತ್ತು. ಮುಖ ಕಾಣದವನ ಮಾತಿಗೆ ಮನುಷ್ಯ ಹೆಚ್ಚು ಹೆದರುತ್ತಾನೆ ಎಂಬುದು ಕೈಕಾಗದದ ಆ ಕಾಲಕ್ಕೇ ಗೊತ್ತಿತ್ತೆಂದಾಯಿತು.

ಇದನ್ನೆಲ್ಲ ಓದಿ, ಅಂಥವರನ್ನು ಬಿಡಬಾರದು ಎಂದು ಮನೆಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದವಳು ನಾನೇ. 2025ರ ಜನವರಿಯಲ್ಲಿ ಇನ್ನೊಂದು ಸುದ್ದಿ ಬಂತು. ದೆಹಲಿಯ ಶಾಲೆಗಳಿಗೆ ಬೆದರಿಕೆ ಬರೆದವನು ಪರೀಕ್ಷೆ ತಪ್ಪಿಸಲು ಹವಣಿಸಿದ 12ನೇ ತರಗತಿಯ ಹುಡುಗ ಎಂದು ಪೊಲೀಸರು ಹೇಳಿದ್ದರು. ಓದಿ ಪೇಪರು ಮಡಿಚಿಟ್ಟೆ. ಏಕೆಂದರೆ ಆ ಹುಡುಗ ನನಗೆ ಗೊತ್ತು. ಒಂದು ಕಾಲಕ್ಕೆ ನಾನೇ ಅವನಾಗಿದ್ದೆ.

ಆಗ ಹುಮನಾಬಾದಿನಲ್ಲಿ ಏಳನೇ ತರಗತಿ ಓದುತ್ತಿದ್ದೆ. ಗಣಿತದ ಪರೀಕ್ಷೆ, ಒಂದು ಲೆಕ್ಕವೂ ಬರುತ್ತಿರಲಿಲ್ಲ. ಇದ್ದಕ್ಕಿದ್ದಂತೆ "ಹಾವು!" ಎಂದು ಕೂಗಿದೆ. ಹುಡುಗಿಯರೆಲ್ಲ ಬಾಗಿಲಿಗೆ ನುಗ್ಗಿದರು. ಒಬ್ಬಳು ಮೆಟ್ಟಿಲ ಮೇಲೆ ಬಿದ್ದು ಕೈ ಮುರಿದುಕೊಂಡಳು. ಹಾವನ್ನು ಯಾರು ನೋಡಿದಿರಿ ಎಂದು ಗುರುಗಳು ಕೇಳಿದಾಗ ಹತ್ತು ಕೈಗಳು ಮೇಲೆದ್ದವು. ಮುರಿದ ಕೈಯವಳೂ ಮರುದಿನ ಅದರ ಉದ್ದ ಹೇಳಿದಳು. ಅಂಜಿಕೆ ಅವಳಿಗೆ ಇಲ್ಲದ ಹಾವನ್ನೂ ತೋರಿಸಿತ್ತು.

ಆದರೆ ನನ್ನನ್ನು ಇಂದಿಗೂ ಕಾಡುವುದು ನಮ್ಮ ಶಾಲೆಯ ಜವಾನ. ನಾವು ಅಂಗಳದಲ್ಲಿ ದೂರ ನಿಂತಿದ್ದಾಗ ಅವನೊಬ್ಬನೇ ಬಡಿಗೆ ಹಿಡಿದು ಒಳಗೆ ಹೋದ. ಮುರುಕು ಬೆಂಚುಗಳ ರಾಶಿಯಲ್ಲಿ ಬರಿಗೈ ಹಾಕಿ ಒಂದೊಂದನ್ನೇ ಎಳೆದು ಹಾಕಿದ. ಹಾವಿಲ್ಲವೆಂದು ಅವನಿಗೇನು ಗೊತ್ತು? ಅವನ ಪಾಲಿಗೆ ಪ್ರತಿ ಬೆಂಚಿನ ಕೆಳಗೂ ಅದು ಇತ್ತು.

ಸುಳ್ಳು ಬೆದರಿಕೆಯ ನಿಜವಾದ ಕೇಡು ಇಲ್ಲಿದೆ ಎಂದು ನನಗೆ ತೋರುತ್ತದೆ. ಬೇರೆ ಸುಳ್ಳನ್ನು ಕೇಳಿದವರು ನಂಬಬಹುದು, ಬಿಡಬಹುದು. ಈ ಸುಳ್ಳನ್ನು ಮಾತ್ರ ಕರ್ತವ್ಯವುಳ್ಳವರು ಬಿಡುವಂತಿಲ್ಲ. ಹತ್ತು ಸಲ ಹುಸಿಯಾದರೂ ಹನ್ನೊಂದನೆಯ ಸಲ ಬಾಂಬ್ ದಳದವನು ಒಳಗೆ ಹೋಗಲೇಬೇಕು, ತಾಯಿ ಓಡಲೇಬೇಕು. ಅವರ ಒಳ್ಳೆಯತನವನ್ನೇ ಹಗ್ಗ ಮಾಡಿ ಅವರನ್ನು ಕಟ್ಟಿಹಾಕುವ ಸುಳ್ಳು ಇದು. ನುಡಿಗೆ ತಕ್ಕ ನಡೆ ಬೇಕೆಂದು 12ನೇ ಶತಮಾನದ ಶರಣರು ಸಾರಿದ ಕಲ್ಯಾಣದಲ್ಲಿ ನಾನು ಸಂಸಾರ ಮಾಡಿದವಳು. ಕೆಲವು ನುಡಿಗಳು ತಾವೇ ನಡೆಯಾಗಿಬಿಡುತ್ತವೆ ಎಂಬುದು ನನಗೆ ಅರ್ಥವಾದದ್ದು ತಡವಾಗಿ.

ಹಾಗಾದರೆ ಆ ಹುಡುಗನಿಗೆ ಏನು ಮಾಡಬೇಕು? 18 ತುಂಬದ ಮಕ್ಕಳನ್ನು 2015ರ ಬಾಲನ್ಯಾಯ ಕಾಯಿದೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸುತ್ತದೆ. ದಂಡಿಸುವುದಕ್ಕಿಂತ ತಿದ್ದುವುದು ಅದರ ಗುರಿ. ಅದು ಸರಿಯೆಂದೇ ನನಗನ್ನಿಸುತ್ತದೆ. ಆದರೆ ತಿದ್ದುವುದೆಂದರೆ ಸುಮ್ಮನೆ ಬಿಟ್ಟುಬಿಡುವುದಲ್ಲ. ನನ್ನನ್ನು ಯಾರೂ ಹಿಡಿಯಲಿಲ್ಲ, ಆದ್ದರಿಂದ ಯಾರೂ ತಿದ್ದಲೂ ಇಲ್ಲ. ಯಾರಾದರೂ ನನ್ನನ್ನು ಆ ಜವಾನನ ಮುಂದೆ ನಿಲ್ಲಿಸಿ "ಇವನಿಗೆ ಹೇಳು" ಎಂದಿದ್ದರೆ, ಇಷ್ಟು ವರ್ಷ ಇದನ್ನು ಹೊರಬೇಕಾಗಿರಲಿಲ್ಲ. ಅವನು ಈಗ ಇಲ್ಲ.

ಮೊನ್ನೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಹಿಟ್ಟಿನ ಕೈ ತೊಳೆದುಕೊಂಡು ಬಂದು ಕೂತಳು. "ನನಗ್ಯಾಕ ಹೇಳ್ತಿ? ಕೈ ಮುರಕೊಂಡಾಕಿ ಇದೇ ಊರಾಗ ಇದ್ದಾಳ" ಎಂದಳು.

ಎರಡು ಓಣಿ ಆಚೆ ಅವಳ ಮನೆ. ಮದುವೆ ಮುಂಜಿಯಲ್ಲಿ ಸಿಕ್ಕಾಗ ಆ ಹಾವಿನ ಕಥೆ ಈಗಲೂ ಹೇಳುತ್ತಾಳೆ. ನಾನು ಅಂದು ಸಂಜೆಯ ಬಸ್ಸಿಗೆ ಬಸವಕಲ್ಯಾಣಕ್ಕೆ ಮರಳಿದೆ. ಇನ್ನೂ ಹೇಳಿಲ್ಲ.